ಪಾಲಪ್ಪ ಕೂತ ಜಾಗ

ಸರ್ವಮಂಗಳಾ ಟೀಚರ್ ಮನೆಯ ಕಂಪ್ಯೂಟರಿನಲ್ಲಿ ಡಿಸ್ಕನ್ನು ಎರಡು ಪಾಲು ಮಾಡಿಕೊಡಲು ಪಾಲಪ್ಪನೆಂಬ ಸಾಫ್ಟ್‌ವೇರ್ ಬಂದಿಳಿದ. ಬಂದವನೇ ಡಿಸ್ಕಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹಾಡು, ಫೋಟೋ, ಪ್ರಶ್ನೆಪತ್ರಿಕೆಗಳನ್ನೆಲ್ಲ ಗದರಿಸಿದ: "ಎಲ್ಲರೂ ಏಳಿ! ಜಾಗ ಖಾಲಿಯಾಗದೆ ನಾನು ಗೆರೆ ಎಳೆಯುವವನಲ್ಲ."

ಎಲ್ಲವೂ ತೆಪ್ಪಗೆ ಎದ್ದವು. ಆದರೂ ಕೆಲಸ ನೂರಕ್ಕೆ ಮೂರರಲ್ಲೇ ನಿಂತುಬಿಟ್ಟಿತು.

"ಇನ್ನೂ ಯಾವನೋ ಕೂತಿದ್ದಾನೆ! ಸಾವಿರ ಪಾಲು ಮಾಡಿದ ನನಗೇ ಅಡ್ಡಗಾಲು ಹಾಕುತ್ತೀರಾ?" ಎಂದು ಪಾಲಪ್ಪ ಹಾರಾಡಿದ.

ಅರ್ಧ ಗಂಟೆ ಕಾದ ಟೀಚರ್ ಬೇಸತ್ತು ಸ್ವಿಚ್ಚಿನ ಮೇಲೆ ಬೆರಳಿಟ್ಟರು. ಈಗ ಆರಿಸಿದರೆ ಇಪ್ಪತ್ತು ವರ್ಷದ ಫೋಟೋಗಳು ಮಣ್ಣುಪಾಲು.

ಆಗ ಡಿಸ್ಕ್ ಮೆಲ್ಲಗೆ ಹೇಳಿತು: "ಸ್ವಾಮಿ, ಸಿಟ್ಟಾಗಬೇಡಿ. ಎಲ್ಲರೂ ಎದ್ದಾಯಿತು. ನನ್ನ ಮೇಲೆ ಕೂತಿರುವವರು ತಾವೊಬ್ಬರೇ."

ಪಾಲಪ್ಪ ಬಗ್ಗಿ ನೋಡಿಕೊಂಡ. ಗೆರೆ ಬೀಳಬೇಕಾದ ಜಾಗ ಸರಿಯಾಗಿ ಅವನ ಕುಂಡೆಯಡಿಯಲ್ಲೇ ಇತ್ತು. ಹಾಡುಗಳು ನಗು ತಡೆದುಕೊಂಡವು. ಅವನು ಗಂಟಲು ಸರಿಮಾಡಿಕೊಂಡು ತೆರೆಯ ಮೇಲೆ ಬರೆದ:

"ಟೀಚರೇ, ಸ್ವಿಚ್ ಮುಟ್ಟಬೇಡಿ. ಅಡ್ಡ ಕೂತ ಕಳ್ಳ ಸಿಕ್ಕಿದ್ದಾನೆ, ಹೆಸರು ಪಾಲಪ್ಪ. ಅವನನ್ನು ಒಂದು ಪೆನ್ ಡ್ರೈವಿಗೆ ದಬ್ಬಿ. ಹೊರಗೆ ಕೂತರೆ ಅವನೂ ಒಳ್ಳೇ ಕೆಲಸಗಾರನೇ."