ಬಾರಿನ ಪಿಟೀಲು ಮತ್ತು ಸೊಳ್ಳೆಮ್ಮ

"ಪಿಟೀಲಪ್ಪಾ, ಹೊರಗೆ ಹೋಗುವ ದಾರಿ ಯಾವುದು?" ಊರೂರು ಅಲೆದ ಸೊಳ್ಳೆಮ್ಮ ಬಾರಿನ ಬಣ್ಣದ ದೀಪಗಳಲ್ಲಿ ದಿಕ್ಕು ತಪ್ಪಿ ಕೇಳಿದಳು. ಬೆನ್ನ ಹಿಂದೆಯೇ ವೇಟರನ ಸೊಳ್ಳೆ ಬ್ಯಾಟು ಚಟಪಟ ಎನ್ನುತ್ತಿತ್ತು.

"ಮೊದಲು ನನ್ನ ಹೊಟ್ಟೆಯೊಳಗೆ ಅಡಗಿಕೋ," ಎಂದಿತು ವೇದಿಕೆಯ ಮೇಲಿದ್ದ ಪಿಟೀಲು.

ಬ್ಯಾಟು ಅತ್ತ ಹೋದ ಮೇಲೆ ಸೊಳ್ಳೆಮ್ಮ ಹೊರಬಂದಳು. "ಜೀವ ಉಳಿಸಿದೆ. ಏನು ಕೊಡಲಿ?"

"ನಿನ್ನಿಂದೇನಾದೀತು, ತಾಯಿ? ಇವತ್ತೂ ಚಪ್ಪಾಳೆ ಬೀಳದಿದ್ದರೆ ನಾಳೆಯಿಂದ ನನ್ನ ಜಾಗಕ್ಕೆ ಡಿಜೆ ಬರುತ್ತಾನಂತೆ. ಇವರಿಗೆ ಸಂಗೀತವೂ ಉಪ್ಪಿನಕಾಯಿಯ ಹಾಗೆ, ಗುಟುಕಿನ ನಡುವೆ ನೆಕ್ಕುವುದಕ್ಕೆ."

"ನೀನು ನುಡಿ. ಚಪ್ಪಾಳೆ ನನಗೆ ಬಿಡು."

ರಾಗ ಮುಗಿಯುತ್ತಿದ್ದಂತೆ ಅವಳು ಮೇಜಿನಿಂದ ಮೇಜಿಗೆ, ಕುಡಿಯುವವರ ಮೂಗಿನ ಮುಂದೆಯೇ ಹಾರಿದಳು. ಪಟಪಟ ಕೈಗಳು ತಟ್ಟಿದವು. ಮ್ಯಾನೇಜರ್ ಡಿಜೆಗೆ ಬರಬೇಡವೆಂದು ಫೋನ್ ಮಾಡಿದ. ಅಷ್ಟೂ ತನ್ನ ರಾಗಕ್ಕೇ ಬಿದ್ದ ಚಪ್ಪಾಳೆಯೆಂದು ಪಿಟೀಲು ಬೀಗಿತು. ಕೊನೆಯ ಮೇಜಿನವನ ಗುರಿ ತಪ್ಪಲಿಲ್ಲ. ಸೊಳ್ಳೆಮ್ಮನ ಋಣ ಅವನ ಅಂಗೈಯಲ್ಲಿ ತೀರಿತು.