ಓಬಳೇಶನ ಬೇರಿಂಗು

ಹೊಳೆಯ ದಂಡೆಯಲ್ಲಿ ಒಂದು ತಗಡಿನ ಛಾವಣಿ, ಅದರ ಮುಂದೆ ಮಣ್ಣು ಹದಮಾಡಿ ತಿದ್ದಿದ ಓಟದ ಹಾದಿ. ಅಲ್ಲಿ ರುದ್ರಮುನಿಯಪ್ಪ ಎಂಬ ಗುರು ಇದ್ದರು. ನೈಟ್ರೋ ಇಂಧನ ಕುಡಿದು ಓಡುವ, ಮೊಳದುದ್ದದ ರಿಮೋಟ್ ಕಾರುಗಳ ವಿದ್ಯೆಯನ್ನು ಅವರು ಕಲಿಸುತ್ತಿದ್ದರು.

ಹಾದಿಗೆ ಇಳಿಯುವವರಿಗೆ ಒಂದೇ ನಿಯಮ. ಗಾಡಿಯನ್ನು ಸುಣ್ಣದ ಗೆರೆಯ ಮೇಲಿಟ್ಟು, ಎಂಜಿನ್ ಹೊತ್ತಿಸಿ, ರಿಮೋಟಿನಿಂದ ಬೆರಳು ತೆಗೆಯಬೇಕು. ಗುರುಗಳು ಹತ್ತು ಎಣಿಸುತ್ತಾರೆ. ಅಷ್ಟು ಹೊತ್ತೂ ಎಂಜಿನ್ ತಿರುಗುತ್ತಿರಬೇಕು, ಗಾಡಿ ನಿಂತಿರಬೇಕು.

ತಿಪ್ಪೇಶಿಯ ಗಾಡಿ ಮೂರು ಎಣಿಸುವಷ್ಟರಲ್ಲಿ ಗೆರೆ ದಾಟಿತು.

“ತಗೊಂಡು ಹೋಗು,” ಎಂದರು ಗುರುಗಳು.

ಹೀಗಾಗಿದ್ದು ಅದು ಮೂರನೆಯ ಭಾನುವಾರ.

ಹಿಟ್ಟಿನ ಗಿರಣಿಯ ಕೊಟ್ರಮ್ಮನೂ ಅಲ್ಲಿ ಶಿಷ್ಯೆ. ಬೆಂಚಿನ ತುದಿಯಲ್ಲಿ ಕೂತು ತನ್ನ ಗಾಡಿಯ ಧೂಳು ಕೊಡವುತ್ತಿದ್ದಳು.

“ನಿಂದು ಪುಣ್ಯವಂತರ ಗಾಡಿ ಬಿಡು ತಿಪ್ಪೇಶಿ,” ಎಂದಳು. “ನೀನು ಮನೇಲಿ ಮಲಗಿದ್ರೂ ಅದೇ ಓಡಿ ಗೆದ್ದು ಬರ್ತದೆ.”

ತಿಪ್ಪೇಶಿ ನಗಲಿಲ್ಲ. ಗಾಡಿ ಅವನ ಅಣ್ಣ ಓಬಳೇಶನದು. ಓಬಳೇಶನೂ ಅಲ್ಲಿಯೇ ಕಲಿತವನು. ಕಳೆದ ವರ್ಷ ಜ್ವರದಲ್ಲಿ ಆಸ್ಪತ್ರೆ ಸೇರುವ ಮುನ್ನಾದಿನ ಕ್ಲಚ್ಚಿಗೆ ಹೊಸ ಬೇರಿಂಗು ಕೂರಿಸಿಟ್ಟು ಹೋದವನು ತಿರುಗಿ ಬರಲಿಲ್ಲ.

ಮುಂದಿನ ಭಾನುವಾರಕ್ಕೆ ಅವನು ತೀರಿಕೊಂಡು ಒಂದು ವರ್ಷ. ಆ ದಿನ ಮಗನ ಗಾಡಿ ಓಡುವುದನ್ನು ಒಮ್ಮೆ ನೋಡಬೇಕು ಎಂದು ಅವ್ವ ಕೇಳಿದ್ದಳು. ತಿಪ್ಪೇಶಿ ಹೂಂ ಎಂದು, ಗುರುಗಳಿಗೂ ಹೇಳಿಟ್ಟಿದ್ದ.

ಅವನು ಗುರುಗಳ ಬಳಿ ಹೋಗಿ ನಿಂತ.

“ವಾರವಾರ ಬೇರಿಂಗು ಬಿಚ್ಚಿ ತೊಳೀತೀನಿ ಗುರುಗಳೇ. ಎಣ್ಣೆ ಬಿಡ್ತೀನಿ.”

“ಎಷ್ಟು?”

“ಮೂರು ಹನಿ. ಒಮ್ಮೊಮ್ಮೆ ನಾಲ್ಕು.”

“ಒಂದು ಹನಿ ಅಂತ ಹೇಳಿದ್ದೆ.”

“ಹಳೇದಾಯ್ತಲ್ಲ, ಸ್ವಲ್ಪ ಜಾಸ್ತಿ ಬೇಕೇನೋ ಅಂತ.”

“ಮುದುಕರಿಗೆ ನಾಲ್ಕು ಹೊತ್ತು ಉಣ್ಣಿಸಿದ್ರೆ ಪ್ರಾಯ ಬರುತ್ತಾ? ಬಿಚ್ಚು.”

ತಿಪ್ಪೇಶಿ ಬಿಚ್ಚಿದ. ಎಂಜಿನ್ನಿಗೂ ಚಕ್ರಕ್ಕೂ ನಡುವೆ ಒಂದು ಪುಟ್ಟ ಉಕ್ಕಿನ ಬಟ್ಟಲು. ಅದು ಎಂಜಿನ್ನಿನ ದಂಡಕ್ಕೆ ತೊಡಿಸಿದ, ಒಳಗೆ ಗುಂಡುಗಳಿರುವ ಎರಡು ಬೇರಿಂಗುಗಳ ಮೇಲೆ ಕೂತಿರುತ್ತದೆ. ಎಂಜಿನ್ ಜೋರಾದಾಗ ಕ್ಲಚ್ಚು ಬಟ್ಟಲನ್ನು ಹಿಡಿದು ತಿರುಗಿಸುತ್ತದೆ, ಗಾಡಿ ಓಡುತ್ತದೆ. ಎಂಜಿನ್ ನಿಧಾನವಾದಾಗ ಬಿಟ್ಟುಬಿಡುತ್ತದೆ. ಬೇರಿಂಗು ಬಿಗಿದರೆ ಮಾತ್ರ ಕ್ಲಚ್ಚು ಬಿಟ್ಟರೂ ಬಟ್ಟಲು ತಿರುಗುತ್ತಲೇ ಇರುತ್ತದೆ.

ಬಟ್ಟಲಿನ ಒಳಗೆಲ್ಲ ಎಣ್ಣೆ ಸಿಡಿದು, ಧೂಳು ಕೂಡಿ, ಕಾಡಿಗೆಯ ಹಾಗೆ ಅಂಟಿತ್ತು.

ಗುರುಗಳು ಒಂದು ಬೇರಿಂಗನ್ನು ಒರೆಸಿ, ಬಿದಿರು ಕಡ್ಡಿಗೆ ಸಿಕ್ಕಿಸಿ, ತಿಪ್ಪೇಶಿಯ ಕಿವಿಯ ಹತ್ತಿರ ಹಿಡಿದು ತಿರುಗಿಸಿದರು. ಅನ್ನದಲ್ಲಿ ಕಲ್ಲು ಕಚ್ಚಿದ ಸದ್ದು.

“ಇನ್ನೊಂದು ಸಲ ತೊಳೀಲಾ?”

“ಗುಂಡುಗಳೇ ಸವೆದಿವೆ. ತೊಳೆದರೆ ಸವೆದದ್ದು ಹೊಳೆಯುತ್ತೆ.”

“ಬೇರೆ ಹಾಕಲ್ಲ ಗುರುಗಳೇ. ಇದು ಅಣ್ಣ ಕೂರಿಸಿದ್ದು.”

ಗುರುಗಳು ಬೇರಿಂಗನ್ನು ಅವನ ಅಂಗೈಯಲ್ಲಿಟ್ಟರು.

“ಹಾಗಾದ್ರೆ ಅದನ್ನೇ ಕೂರಿಸಿ ತಗೊಂಡು ಬಾ.”

ಇಬ್ಬರೂ ದಂಡೆಗೆ ಇಳಿದರು. ಅಲ್ಲಿ ನೆಲ ಹೊಳೆಯ ಕಡೆಗೆ ಸ್ವಲ್ಪ ಇಳಿಜಾರು. ತಿಪ್ಪೇಶಿ ಹಗ್ಗ ಎಳೆದು ಎಂಜಿನ್ ಹೊತ್ತಿಸಿದ. ಗಾಡಿ ಆಗಲೇ ತೆವಳತೊಡಗಿತು.

“ಬ್ರೇಕ್ ಹಿಡಿ.”

ಹಿಡಿದ. ಎಂಜಿನ್ ತಿಣುಕಿ, ಕೆಮ್ಮಿ, ಆರಿಹೋಯಿತು.

“ನಿಂತಿತಲ್ಲ ಗುರುಗಳೇ.”

“ಸತ್ತಿತು. ಇನ್ನೊಮ್ಮೆ ಹೊತ್ತಿಸು. ರಿಮೋಟ್ ನನಗೆ ಕೊಡು.”

ಈ ಸಲ ಗುರುಗಳು ರಿಮೋಟನ್ನು ಮರಳಿನ ಮೇಲೆ ಇಟ್ಟುಬಿಟ್ಟರು. ಗಾಡಿ ನೀರಿನ ಕಡೆಗೆ ಹೊರಟಿತು. ಅವರು ಬೆನ್ನ ಹಿಂದೆ ಕೈ ಕಟ್ಟಿ ಅದರ ಪಕ್ಕದಲ್ಲಿಯೇ ನಡೆದರು, ಆಡು ಮೇಯಿಸಲು ಹೊರಟವರ ಹಾಗೆ. ಈಗ ಬಗ್ಗುತ್ತಾರೆ, ಈಗ ಎತ್ತುತ್ತಾರೆ ಎಂದು ತಿಪ್ಪೇಶಿ ಕಾದ. ಅವರು ಬಗ್ಗಲಿಲ್ಲ. ಮುಂದಿನ ಚಕ್ರ ಒದ್ದೆ ಮರಳು ಮುಟ್ಟಿದಾಗ ಅವನೇ ಓಡಿ ಹೋಗಿ ಎತ್ತಿಕೊಂಡ. ಚಕ್ರಗಳು ಅವನ ಎದೆಯ ಮುಂದೆ ಗಾಳಿಯಲ್ಲಿ ತಿರುಗುತ್ತಲೇ ಇದ್ದವು.

“ಯಾಕೆ ಎತ್ತಿದೆ?”

“ನೀರಿಗೆ ಬೀಳ್ತಿತ್ತು.”

“ಭಾನುವಾರ ನಿಮ್ಮವ್ವನ್ನ ಎಲ್ಲಿ ಕೂರಿಸ್ತೀಯ?”

“ಗೆರೆ ಮುಂದೆ ಚಾಪೆ ಹಾಸ್ತೀವಲ್ಲ, ಅಲ್ಲಿ.”

ಹೇಳುತ್ತಿದ್ದಂತೆ ತಿಪ್ಪೇಶಿಯ ಕಣ್ಣು ತಿರುಗುತ್ತಿದ್ದ ಚಕ್ರಗಳ ಮೇಲೆ ಹೋಯಿತು. ಇಂಧನದ ನಳಿಕೆಯನ್ನು ಬೆರಳಲ್ಲಿ ಹಿಚುಕಿ ಎಂಜಿನ್ ಆರಿಸಿದ.

ಛಾವಣಿಯ ಕೆಳಗೆ ಗುರುಗಳು ನೀರಿನ ತಂಬಿಗೆ ಮುಂದೆ ಸರಿಸಿದರು. ಅವನು ಕುಡಿದ ಮೇಲೆ ಕೇಳಿದರು.

“ಓಬಳೇಶ ಎಷ್ಟು ದಿನಕ್ಕೊಮ್ಮೆ ಬೇರಿಂಗು ಬದಲಿಸ್ತಿದ್ದ?”

“ಎರಡು ಬಾಟಲಿ ಇಂಧನಕ್ಕೊಮ್ಮೆ. ಚೆನ್ನಾಗಿದ್ರೂ ಬಿಡ್ತಿರಲಿಲ್ಲ.”

“ಈ ಜೋಡೀನ ನೀನು ವರ್ಷ ಇಟ್ಕೊಂಡಿರೋದು ನೋಡಿದ್ರೆ?”

“ಬೈತಿದ್ದ.”

“ಏನಂತ?”

ತಿಪ್ಪೇಶಿ ತಂಬಿಗೆ ಕೆಳಗಿಟ್ಟ.

“‘ಲೇ, ಅದನ್ನೇನು ಉಪ್ಪಿನಕಾಯಿ ಹಾಕ್ತೀಯೇನೋ’ ಅಂತ.”

ಕೊಟ್ರಮ್ಮ ಕಿಸಕ್ಕನೆ ನಕ್ಕು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಮಾತು ಥೇಟ್ ಓಬಳೇಶನ ದನಿಯಲ್ಲಿ ಬಂದಿತ್ತು. ವರ್ಷದಿಂದ ತಿಪ್ಪೇಶಿ ಆ ದನಿಯನ್ನು ತನ್ನ ಬಾಯಿಗೆ ತಂದುಕೊಂಡಿರಲಿಲ್ಲ.

ಗುರುಗಳು ಹೊಸ ಬೇರಿಂಗುಗಳ ಪೊಟ್ಟಣವನ್ನು ಬೆಂಚಿನ ಮೇಲೆ ಇಟ್ಟು, ಬೇರೆ ಕಡೆ ತಿರುಗಿ ಕೂತರು.

ತಿಪ್ಪೇಶಿ ಬಿದಿರು ಕಡ್ಡಿಯಿಂದ ಹಳೆಯವನ್ನು ಹೊರಗೆ ತಳ್ಳಿದ. ಬಟ್ಟಲಿನ ಕಾಡಿಗೆಯನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಒಣಗಿಸಿದ. ಹೊಸವಕ್ಕೆ ಒಂದೊಂದು ಹನಿ ಎಣ್ಣೆ ಬಿಟ್ಟ. ಇನ್ನೊಂದು ಹನಿ ಎಣ್ಣೆಡಬ್ಬಿಯ ಸೂಜಿಯ ತುದಿಗೆ ಬಂದು ನಿಂತಿತು. ಅದನ್ನು ಬಟ್ಟೆಗೆ ಒರೆಸಿದ.

ತಿರುಪು ಬಿಗಿದು ಬಟ್ಟಲನ್ನು ಅಲ್ಲಾಡಿಸಿ ನೋಡಿದ. ಅಲ್ಲಾಡಲಿಲ್ಲ.

“ಕೂದಲೆಳೆಯಷ್ಟು ಜಾಗ ಬಿಡು,” ಎಂದರು ಗುರುಗಳು, ತಿರುಗಿ ನೋಡದೆ. “ಬಿಸಿ ಏರಿದ ಮೇಲೆ ಉಸಿರಾಡಬೇಕು.”

ಅವನು ಮತ್ತೆ ಬಿಚ್ಚಿ, ಕಾಗದದಷ್ಟು ತೆಳ್ಳಗಿನ ಒಂದು ವಾಷರ್ ತೆಗೆದು, ಮತ್ತೆ ಬಿಗಿದ.

ಸುಣ್ಣದ ಗೆರೆಯ ಮೇಲೆ ಎಂಜಿನ್ ಹೊತ್ತಿತು. ತಿಪ್ಪೇಶಿ ರಿಮೋಟಿನಿಂದ ಬೆರಳು ತೆಗೆದ. ಗುರುಗಳು ಎಣಿಸತೊಡಗಿದರು. ಮೂರು ಬಂತು, ಹೋಯಿತು. ಕೊಟ್ರಮ್ಮ ಧೂಳು ಕೊಡವುವುದನ್ನು ನಿಲ್ಲಿಸಿದಳು. ಎಂಜಿನ್ ಗುರುಗುಟ್ಟುತ್ತಿತ್ತು, ಹೊಗೆ ನೆಲದ ಮೇಲೆ ಹರಡುತ್ತಿತ್ತು, ಚಕ್ರಗಳು ಇದ್ದಲ್ಲೇ ಇದ್ದವು.

“ಹತ್ತು,” ಎಂದರು ಗುರುಗಳು. “ಭಾನುವಾರ ಅವ್ವನ್ನ ಬೇಗ ಕರಕೊಂಡು ಬಾ. ಬಿಸಿಲೇರುತ್ತೆ.”

ತಿಪ್ಪೇಶಿ ಎಂಜಿನ್ ಆರಿಸಿದ. ಬೆಂಚಿನ ಮೇಲಿದ್ದ ಹಳೆಯ ಎರಡು ಬೇರಿಂಗುಗಳನ್ನು ಕೈಗೆತ್ತಿಕೊಂಡ.

“ಗುರುಗಳೇ, ಇವನ್ನ ಏನು ಮಾಡಲಿ?”

“ಓಬಳೇಶ ಏನು ಮಾಡ್ತಿದ್ದ?”

“ಕೂತಲ್ಲಿಂದಲೇ ಹಿಂದಕ್ಕೆ ಎಸೀತಿದ್ದ. ಭುಜದ ಮೇಲಿಂದ.”

“ಎಲ್ಲಿ ಬೀಳ್ತಿದ್ದವು?”

“ಗೊತ್ತಿಲ್ಲ. ನಾನು ಅವನನ್ನೇ ನೋಡ್ತಿದ್ದೆ.”

ಗುರುಗಳು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

“ಅವು ನೆಲಕ್ಕೆ ಬೀಳೋ ಹೊತ್ತಿಗೆ ಅವನ ಕೈ ಹೊಸದಕ್ಕೆ ಎಣ್ಣೆ ಬಿಡ್ತಿತ್ತು.”