ಚಕ್ಕೆಯ ರಾಶಿಯಲ್ಲಿ ಅಡಗಿದ ತುಂಡು

ಒಂದೇ ಬೇವಿನ ಕೊಂಬೆಯಿಂದ ಸೀಳಿದ ಎರಡು ತುಂಡುಗಳು ಮರದ ಸೌಟು ಕೆತ್ತುವ ಮೌನೇಶಾಚಾರಿಯ ಮುಂದೆ ಬಿದ್ದಿದ್ದವು. ಸಂಜೆಯ ಹೊತ್ತಿಗೆ ಒಂದು ಉಳಿಯ ಪೆಟ್ಟು ತಿಂದು ತಿಂದು ಅರ್ಧ ಸೌಟಾಗಿತ್ತು. ಇನ್ನೊಂದು ಅದನ್ನು ನೋಡಿ ನೋಡಿ ನಡುಗುತ್ತಿತ್ತು.

ಹಸಿ ಮರ ಗಾಳಿಗೆ ಸೀಳು ಬಿಡದಿರಲೆಂದು ಆಚಾರಿ ಅರ್ಧ ಕೆತ್ತಿದ ಸೌಟನ್ನು ಕೆತ್ತುವಾಗ ಉದುರಿದ ಚಕ್ಕೆಯ ರಾಶಿಯೊಳಗೆ ಹೂತಿಟ್ಟು ಎದ್ದುಹೋದ.

"ಅಕ್ಕಾ, ಒಳಗೆ ಹೇಗಿದೆ?" ಎಂದು ತುಂಡು ಪಿಸುಗುಟ್ಟಿತು.

"ತಂಪಾಗಿದೆ. ಇಲ್ಲಿ ಉಳಿಯ ಭಯವಿಲ್ಲ" ಎಂದಿತು ಸೌಟು.

"ಹಾಗಾದರೆ ನಾನೂ ಬರುತ್ತೇನೆ."

"ಬೇಡ. ನಾನು ಇಲ್ಲಿರುವುದು ಬೆಳಗಾಗುವವರೆಗೆ ಮಾತ್ರ. ನಾಳೆ ಮತ್ತೆ ಉಳಿಯ ಬಾಯಿಗೇ ಹೋಗಬೇಕು."

"ನೀನು ಹೋಗು. ನಾನು ಅಲ್ಲೇ ಇದ್ದುಬಿಡುತ್ತೇನೆ" ಎನ್ನುತ್ತಾ ತುಂಡು ಉರುಳಿಕೊಂಡು ಬಂದು ರಾಶಿಯ ತಳಕ್ಕೆ ಸೇರಿತು.

ಬೆಳಿಗ್ಗೆ ಆಚಾರಿ ಸೌಟನ್ನು ಎತ್ತಿಕೊಂಡ. ಅವನ ಹೆಂಡತಿ ಕಾಳಮ್ಮ ಒಲೆಗೆಂದು ಚಕ್ಕೆಗಳನ್ನು ಬುಟ್ಟಿಗೆ ಬಾಚತೊಡಗಿದಳು.

"ಏನ್ರೀ, ಇದರಾಗೊಂದು ತುಂಡು ಐತಿ. ಬೇಕೇನು?"

"ಉಳಿ ತಾಗಿದ ಗುರುತು ಐತೇನು ನೋಡು."

ಕಾಳಮ್ಮ ಹಿಂದೆ ಮುಂದೆ ಹೊರಳಿಸಿ ನೋಡಿದಳು. "ಎಲ್ಲೂ ಇಲ್ಲ."

"ಹಂಗಾದ್ರ ಕೆಲಸಕ್ಕ ಬರೂದಿಲ್ಲಂತ ನಾನಽ ಒಗದಿರಬೇಕು. ಒಲಿಗೆ ಹಾಕು."

"ಉಳಿಯಣ್ಣಾ, ಬೇಗ ಬಾ!" ಎಂದು ತುಂಡು ಬುಟ್ಟಿಯೊಳಗಿಂದ ಜೀವ ಹೋಗುವಂತೆ ಕೂಗಿತು. ಆದರೆ ಆಚಾರಿ ಆಗಲೇ ಉಳಿಯನ್ನು ಸೌಟಿನ ಮೇಲಿಟ್ಟು ಕೊಡತಿಯಿಂದ ಬಡಿಯತೊಡಗಿದ್ದ. ಆ ಸದ್ದಿನಲ್ಲಿ ಉಳಿಗೆ ಏನೂ ಕೇಳಿಸಲಿಲ್ಲ.